ಕಳೆದುಹೋದ 21 ವೋಲ್ಟ್: ಬಚ್ಚಲುಮನೆ ಗೀಸರ್ ರಿಪೇರಿ

ಗೀಸರ್ 15 ಲೀಟರ್‌ದು, ಮೇಲೆ 230 ವೋಲ್ಟ್ 2000 ವ್ಯಾಟ್ ಅಂತ ಸ್ಟಿಕ್ಕರ್ ಇದೆ, ಆದ್ರೆ ಬೆಳಿಗ್ಗೆ ಸ್ವಿಚ್ ಹಾಕಿದ್ರೆ ದೀಪ ಆಫ್ ಆಗೋಕೆ ಅರ್ಧ ಗಂಟೆ ಹತ್ರಹತ್ರ ಹಿಡೀತಿತ್ತು. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಹಳ್ಳಿ ಮನೆ, ಬಚ್ಚಲುಮನೆ ಮನೆಗೆ ಅಂಟಿಕೊಂಡಿಲ್ಲ, ಕೊಟ್ಟಿಗೆ ದಾಟಿ ಆಚೆ ತೋಟದ ಅಂಚಿನಲ್ಲಿದೆ, ಮೀಟರ್ ಬೋರ್ಡಿನಿಂದ ಅಲ್ಲಿಗೆ ವೈರ್ ಸುಮಾರು 65 ಮೀಟರ್. ಅಂಗಡಿಯವರು ಕಾಯಿಲ್ ಹೋಗಿದೆ ಬದಲಾಯಿಸಿ ಅಂದ್ರು, ಇನ್ನೊಬ್ರು ಸ್ಟೆಬಿಲೈಸರ್ ಹಾಕಿ ಅಂದ್ರು. ಎರಡಕ್ಕೂ ದುಡ್ಡು ಕೊಡೋ ಮೊದ್ಲು ಒಂದ್ಸಲ ಅಳತೆ ಮಾಡಿ ನೋಡೋಣ ಅಂತ ಕೂತೆ, ಅದರ ಲೆಕ್ಕ ಇದು.

ಮೊದಲ ಲೆಕ್ಕಕ್ಕೆ ಮೀಟರ್ ಕೂಡ ಬೇಡ, ಥರ್ಮಾಮೀಟರ್ ಮತ್ತೆ ಮೊಬೈಲ್ ಸ್ಟಾಪ್‌ವಾಚ್ ಸಾಕು. ಒಂದು ಲೀಟರ್ ನೀರು ಒಂದು ಡಿಗ್ರಿ ಕಾಯೋಕೆ 4.186 ಕಿಲೋಜೌಲ್ ಬೇಕು. ನಮ್ಮ ತೊಟ್ಟಿ ನೀರು 22 ಡಿಗ್ರಿ, ಥರ್ಮೋಸ್ಟಾಟ್ ಕಟ್ ಆಗೋದು 55ರ ಹತ್ರ, ಅಂದ್ರೆ 33 ಡಿಗ್ರಿ ಏರಬೇಕು. 15 × 33 × 4.186 = 2072 ಕಿಲೋಜೌಲ್. ನಿಜವಾಗ್ಲೂ 2000 ವ್ಯಾಟ್ ಒಳಗೆ ಹೋಗ್ತಿದ್ರೆ 1036 ಸೆಕೆಂಡ್, ಅಂದ್ರೆ 17 ನಿಮಿಷದ ಮೇಲೆ ಚೂರು. ನಮ್ಮದು ತಗೊಂಡಿದ್ದು 27 ನಿಮಿಷದ ಮೇಲೆ ಅರ್ಧ. ತಿರುಗಿಸಿ ಭಾಗಿಸಿದ್ರೆ ಸುಮಾರು 1250 ವ್ಯಾಟ್ ಬರುತ್ತೆ. ಟ್ಯಾಂಕಿಂದ ಹೊರಗೆ ಹೋಗೋ ಬಿಸಿ ಸ್ವಲ್ಪ ಇರುತ್ತೆ, ಆದ್ರೆ ಅದು 750 ವ್ಯಾಟ್ ಆಗೋಕೆ ಸಾಧ್ಯವೇ ಇಲ್ಲ.

ಆಮೇಲೆ ಕಾಯಿಲ್. ಮೈನ್ ಆಫ್ ಮಾಡಿ, ಪ್ಲಗ್ ಕಿತ್ತು, ಕೆಳಗಿನ ಮುಚ್ಚಳ ತೆಗೆದು, ಕಾಯಿಲಿನ ಎರಡೂ ವೈರ್ ಬಿಚ್ಚಿ ಹಳದಿ ಮಲ್ಟಿಮೀಟರಿನ 200 ಓಮ್ ರೇಂಜಲ್ಲಿ ಇಟ್ಟೆ (ಓಮ್ ಅಂದ್ರೆ ಕರೆಂಟಿಗೆ ಎಷ್ಟು ತಡೆ, ಅಂದ್ರೆ ರೆಸಿಸ್ಟೆನ್ಸ್, ಅನ್ನೋದರ ಅಳತೆ). 27.1 ತೋರಿಸ್ತು. ಎರಡು ಪ್ರೋಬ್ ಒಂದಕ್ಕೊಂದು ಮುಟ್ಟಿಸಿದಾಗಲೇ 0.5 ತೋರಿಸುತ್ತೆ, ಅದು ಪ್ರೋಬ್ ವೈರಿನದ್ದು, ಕಳೀಬೇಕು, ಉಳಿದಿದ್ದು 26.6 ಓಮ್. ಇರಬೇಕಾದ್ದು ಎಷ್ಟು? ವೋಲ್ಟ್ ಅನ್ನ ವೋಲ್ಟಿಂದಲೇ ಗುಣಿಸಿ ವ್ಯಾಟಿಂದ ಭಾಗಿಸಿದ್ರೆ ಓಮ್: 230 × 230 ÷ 2000 = 26.45. ಅಷ್ಟೇ, ಕಾಯಿಲ್ ಗಟ್ಟಿಮುಟ್ಟಾಗಿದೆ. ಕಾಯಿಲ್ ಹೋದ್ರೆ ಸಾಮಾನ್ಯವಾಗಿ ಒಳಗಿನ ತಂತಿ ತುಂಡಾಗಿ ನೀರು ಬಿಸಿನೇ ಆಗಲ್ಲ, ಇಲ್ಲಾ ಗೀಸರಿನ ಲೋಹದ ಮೈಗೆ ಕರೆಂಟ್ ಲೀಕ್ ಆಗಿ ಶಾಕ್ ಹೊಡೆಯುತ್ತೆ, "ಸ್ವಲ್ಪ ಹೋಗಿದೆ" ಅನ್ನೋದು ಅಪರೂಪ. ಟರ್ಮಿನಲ್ಲಿಂದ ಲೋಹದ ಮೈಗೆ 2000ಕೆ (20 ಲಕ್ಷ ಓಮ್) ರೇಂಜಲ್ಲೂ ಏನೂ ತೋರಿಸ್ಲಿಲ್ಲ, ಅದೂ ಸರಿ.

ಇಲ್ಲಿ ಒಂದು ಮಾತು, ತಣ್ಣಗಿದ್ದಾಗ ಓಮ್ ಅಳೆದು ವ್ಯಾಟ್ ಲೆಕ್ಕ ಹಾಕೋದು ಗೀಸರ್, ಇಮ್ಮರ್ಶನ್ ಕಾಯಿಲ್, ಇಸ್ತ್ರಿಪೆಟ್ಟಿಗೆಗೆ ನಡೆಯುತ್ತೆ ಯಾಕಂದ್ರೆ ನೈಕ್ರೋಮ್ ತಂತಿ ಬಿಸಿಯಾದ್ರೂ ಅದರ ರೆಸಿಸ್ಟೆನ್ಸ್ ಹೆಚ್ಚು ಬದಲಾಗಲ್ಲ. ಹಳೇ 60 ವ್ಯಾಟ್ ಬಲ್ಬಿಗೆ ಹೀಗೆ ಮಾಡಿ ನೋಡಿ, ತಲೆ ಕೆಡುತ್ತೆ: ಲೆಕ್ಕದ ಪ್ರಕಾರ 882 ಓಮ್ ಇರಬೇಕು, ಮೀಟರ್ 60-70 ತೋರಿಸುತ್ತೆ, ಯಾಕಂದ್ರೆ ಟಂಗ್‌ಸ್ಟನ್ ಉರಿಯುವಾಗಿನ ಶಾಖದಲ್ಲಿ ಮಾತ್ರ 882 ಆಗೋದು. ಮೋಟರ್, ಮಿಕ್ಸಿಗಂತೂ ಈ ಲೆಕ್ಕ ಹಾಕಲೇಬೇಡಿ. ಪಂಪಿನ ವೈಂಡಿಂಗ್ ಕೆಲವೇ ಓಮ್ ಇರುತ್ತೆ, ಅದರಿಂದ ವ್ಯಾಟ್ ತೆಗೆದ್ರೆ ಹತ್ತು ಎಚ್‌ಪಿ ಮೋಟರ್ ಅನ್ನೋ ಹಾಗೆ ಉತ್ತರ ಬರುತ್ತೆ.

ಕಾಯಿಲ್ ಸರಿ ಇದ್ದು ವ್ಯಾಟ್ ಕಮ್ಮಿ ಅಂದ್ರೆ ವೋಲ್ಟೇಜೇ ತಲುಪ್ತಿಲ್ಲ. ಚಿಕ್ಕಪ್ಪ ಟೆಸ್ಟರ್ ಇಟ್ಟು "ಫುಲ್ ಉರೀತಾ ಇದ್ಯಲ್ಲೋ ಮಾರಾಯ, ಕರೆಂಟು ಸರಿಯಾಗೇ ಬರ್ತಿದೆ" ಅಂದ್ರು. ನಾನು ಬಚ್ಚಲುಮನೆ ಸಾಕೆಟ್ಟಲ್ಲಿ ಮೀಟರ್ ಇಟ್ಟು ನೋಡಿದ್ರೂ 212 ವೋಲ್ಟ್, ಮನೆ ಬೋರ್ಡಲ್ಲೂ 212. ಎಲ್ಲಾ ಸರಿ ಇದೆ ಅನ್ಸೋದು ಇಲ್ಲೇ. ಆದ್ರೆ ಟೆಸ್ಟರ್ ಆಗ್ಲಿ ಮೀಟರ್ ಆಗ್ಲಿ ಎಳೆಯೋ ಕರೆಂಟು ಆಂಪಿಯರಿನ ಸಾವಿರದ ಒಂದು ಭಾಗವೂ ಇಲ್ಲ. ವೈರ್‌ನಲ್ಲಿ ಬೀಳೋ ವೋಲ್ಟ್ ಅಂದ್ರೆ ಆಂಪ್ × ಓಮ್, ಆಂಪೇ ಸೊನ್ನೆ ಅಂದ್ಮೇಲೆ ವೈರ್ ಎಷ್ಟೇ ಹದಗೆಟ್ಟಿದ್ರೂ ಆಚೆ ತುದೀಲಿ ಪೂರ್ತಿ ವೋಲ್ಟೇಜ್ ಕಾಣುತ್ತೆ. ಪೈಪಲ್ಲಿ ಕಸ ಕಟ್ಟಿದ್ರೂ ನಲ್ಲಿ ಮುಚ್ಚಿರೋವಾಗ ಒತ್ತಡ ಪೂರ್ತಿ ಇರೋ ಹಾಗೆ. ಹಾಗಾಗಿ ಗೀಸರ್ ಓಡ್ತಿರುವಾಗಲೇ ನೋಡಬೇಕು, ಥರ್ಮೋಸ್ಟಾಟ್ ಕಟ್ ಆಗೋ ಮೊದ್ಲು.

ನಮ್ಮ ಕಡೆ ವೋಲ್ಟೇಜ್ ಯಾರಾದ್ರೂ ತೋಟದ ಮೋಟರ್ ಹಾಕಿದ್ರೂ ಕುಣಿಯುತ್ತೆ, ಅದಕ್ಕೆ ಒಂದು ಕಡೆ ನೋಡಿ ಓಡಿಹೋಗಿ ಇನ್ನೊಂದು ಕಡೆ ನೋಡಿದ್ರೆ ಲೆಕ್ಕ ಹೊಂದಲ್ಲ. ಎರಡು ಮೀಟರ್ ಬೇಕು, ಒಂದೇ ಹೊತ್ತಿಗೆ. ನನ್ನ ಹತ್ರ ಒಂದು ಕ್ಲ್ಯಾಂಪ್ ಮೀಟರ್ (ವೈರ್ ಸುತ್ತ ಕಚ್ಚಿಸಿ ಕರೆಂಟ್ ಅಳೆಯೋದು, ವೋಲ್ಟೂ ನೋಡುತ್ತೆ), ಒಂದು ಹಳದಿ ಮೀಟರ್. ಮೊದ್ಲು ಎರಡನ್ನೂ ಒಂದೇ ಸಾಕೆಟ್ಟಿಗೆ ಇಟ್ಟೆ, ಹಳದಿಯದು 2 ವೋಲ್ಟ್ ಜಾಸ್ತಿ ತೋರಿಸುತ್ತೆ, ಬರೆದಿಟ್ಕೊಂಡೆ. ಹಳದಿ ಮೀಟರ್ ಚಿಕ್ಕಪ್ಪನ ಕೈಗೆ ಕೊಟ್ಟು ಮನೆ ಬೋರ್ಡ್ ಹತ್ರ ನಿಲ್ಲಿಸಿ ನಾನು ಬಚ್ಚಲುಮನೆಯಿಂದ ಫೋನ್ ಹಚ್ಚಿದೆ.

"ಈಗ ಎಷ್ಟು ಚಿಕ್ಕಪ್ಪ?"

"ಇನ್ನೂರಾ ಆರು, ಆರು... ಐದು, ಆರು. ಎಷ್ಟೊತ್ತು ಹಿಡ್ಕೊಂಡಿರ್ಬೇಕೋ?"

206ರಲ್ಲಿ 2 ಕಳೆದ್ರೆ ಬೋರ್ಡಲ್ಲಿ 204. ಅದೇ ಕ್ಷಣ ನನ್ನ ಕಡೆ ಗೀಸರ್ ಟರ್ಮಿನಲ್ಲಲ್ಲಿ 183. ಅಂದ್ರೆ 65 ಮೀಟರ್ ದಾರೀಲಿ 21 ವೋಲ್ಟ್ ಮಾಯ.

ಕರೆಂಟ್ ನೋಡೋಕೆ ಕ್ಲ್ಯಾಂಪ್. ಕ್ಲ್ಯಾಂಪನ್ನ ಪೂರ್ತಿ ಕೇಬಲ್ ಸುತ್ತ ಹಾಕಿದ್ರೆ ಸೊನ್ನೆ ತೋರಿಸುತ್ತೆ, ಫೇಸ್‌ನಲ್ಲಿ ಹೋಗಿದ್ದು ನ್ಯೂಟ್ರಲ್‌ನಲ್ಲಿ ವಾಪಸ್ ಬರ್ತಿರೋದ್ರಿಂದ ಎರಡೂ ಕಳೆದುಹೋಗುತ್ತೆ. ಅದಕ್ಕೇ ಒಂದು ಚಿಕ್ಕ ಎಕ್ಸ್‌ಟೆನ್ಶನ್ ಮಾಡಿ ಇಟ್ಕೊಂಡಿದೀನಿ, ಮಧ್ಯದಲ್ಲಿ ಹೊರಗಿನ ಕವಚ ಮಾತ್ರ ಸೀಳಿ ಫೇಸ್ ವೈರ್ ಒಂದನ್ನೇ ಲೂಪ್ ಥರ ಹೊರಗೆ ತೆಗೆದಿದ್ದು, ಒಳಗಿನ ಇನ್ಸುಲೇಶನ್ ಹಾಗೇ ಇರುತ್ತೆ. ಹಳದಿ ಮೀಟರಿನ 10 ಆಂಪ್ ತೂತು ಡಿಸಿಗೆ ಮಾತ್ರ, ಅದನ್ನ ಮನೆ ಕರೆಂಟಿಗೆ ಚುಚ್ಚೋ ಸಾಹಸ ಬೇಡ. ಕ್ಲ್ಯಾಂಪ್ ತೋರಿಸಿದ್ದು 6.88 ಆಂಪ್.

ಈಗ ವೋಲ್ಟೂ ಆಂಪೂ ಸಿಕ್ತು, ಉಳಿದಿದ್ದೆಲ್ಲ ಇದರಿಂದಲೇ ಬರುತ್ತೆ. 183 ÷ 6.88 = 26.6 ಓಮ್, ತಣ್ಣಗಿದ್ದಾಗ ಅಳೆದದ್ದೇ ಬಂತು, ಅಂದ್ರೆ ಮೀಟರ್‌ಗಳು ಸುಳ್ಳು ಹೇಳ್ತಿಲ್ಲ. 183 × 6.88 = 1259 ವ್ಯಾಟ್, ನೀರು ಕಾಯೋ ಟೈಮಿಂದ ತೆಗೆದ ಲೆಕ್ಕಕ್ಕೂ ಇದು ಕೂಡಿ ಬಂತು. ಕಳೆದುಹೋದ 21 ವೋಲ್ಟ್ × 6.88 = 144 ವ್ಯಾಟ್, ಅಂದ್ರೆ ಗೀಸರಿನ ಹೊರಗೆ ದಾರೀಲಿ ಎಲ್ಲೋ 144 ವ್ಯಾಟ್ ಬಿಸಿ ಆಗ್ತಿದೆ. 21 ÷ 6.88 = 3.05 ಓಮ್, ಇದು ದಾರಿಯ ರೆಸಿಸ್ಟೆನ್ಸ್.

ಮತ್ತೊಂದು ರೀತೀಲಿ ತಾಳೆ ನೋಡೋಣ ಅಂತ ಫ್ರಿಜ್ಜು, ವೈಫೈ, ಎಲ್ಲಾ ಲೈಟು ಆಫ್ ಮಾಡಿ ಕರೆಂಟ್ ಮೀಟರಿನ ಕೆಂಪು ದೀಪ ಮಿಣುಕೋದು ಎಣಿಸಿದ್ವಿ. ನಮ್ಮ ಮೀಟರ್ ಮೇಲೆ ಯೂನಿಟ್ಟಿಗೆ 3200 ಇಂಪಲ್ಸ್, ಅಂದ್ರೆ 3200 ಮಿಣುಕು, ಅಂತ ಬರೆದಿದೆ, ಒಂದು ನಿಮಿಷಕ್ಕೆ 75 ಬಂತು. 75 × 60 ÷ 3200 = 1.4 ಕಿಲೋವ್ಯಾಟ್. ಬೋರ್ಡಲ್ಲಿ 204 × 6.88 ಮಾಡಿದ್ರೂ 1403. ಕ್ಲ್ಯಾಂಪ್ ಮೀಟರ್ ಇಲ್ದಿದ್ದವರು ಈ ದೀಪ ಎಣಿಸೋ ಉಪಾಯದಲ್ಲೇ ಕೆಲಸ ಮಾಡ್ಬಹುದು, ವ್ಯಾಟ್ ಅನ್ನ ವೋಲ್ಟಿಂದ ಭಾಗಿಸಿದ್ರೆ ಆಂಪ್ ಸಿಗುತ್ತೆ. ಗೀಸರಿಗೆ ಮಾತ್ರ ಹೀಗೆ ನೇರವಾಗಿ ನಡೆಯೋದು, ಮೋಟರಿಗೆ ಪವರ್ ಫ್ಯಾಕ್ಟರ್ ಅಡ್ಡ ಬರುತ್ತೆ, ಅಂದ್ರೆ ಅಲ್ಲಿ ವೋಲ್ಟ್ × ಆಂಪ್ ಪೂರ್ತಿ ವ್ಯಾಟ್ ಆಗಲ್ಲ.

ಇನ್ನು 3.05 ಓಮ್ ಸರೀನಾ ತಪ್ಪಾ? ಮನೆಯಿಂದ ಕೊಟ್ಟಿಗೆ ಮೂಲೆಯ ಕಂಬದವರೆಗೆ 40 ಮೀಟರ್ ಹಳೇ ಅಲ್ಯೂಮಿನಿಯಂ ಸರ್ವಿಸ್ ವೈರ್, 2.5 ಸ್ಕ್ವೇರ್ ಎಂಎಂ. ಅಲ್ಲಿಂದ ಬಚ್ಚಲಿಗೆ 25 ಮೀಟರ್ ತಾಮ್ರದ 1.5ರ ವೈರ್, ಗೀಸರ್ ತಂದಾಗ ಸೇರಿಸಿದ್ದು. ಅಲ್ಯೂಮಿನಿಯಂ 2.5ಕ್ಕೆ ಕಿಲೋಮೀಟರಿಗೆ 12.1 ಓಮ್, ಎಳೆಎಳೆ ತಾಮ್ರದ 1.5ಕ್ಕೆ 13.3 ಓಮ್. ಹೋಗೋ ದಾರಿ ಬರೋ ದಾರಿ ಎರಡೂ ಸೇರಿಸಬೇಕು, ಇದನ್ನ ಬಹಳ ಜನ ಬಿಡ್ತಾರೆ. 80 ಮೀಟರ್ ಅಲ್ಯೂಮಿನಿಯಂ 0.97, 50 ಮೀಟರ್ ತಾಮ್ರ 0.67, ಒಟ್ಟು 1.64 ಓಮ್. ಅದರಲ್ಲಿ ಬೀಳಬೇಕಾದ್ದು 11.3 ವೋಲ್ಟ್. ಬೀಳ್ತಿರೋದು 21. ಉಳಿದ 9.7 ವೋಲ್ಟ್ ತಿಂತಿರೋದು ವೈರ್ ಅಲ್ಲ, ಜಾಯಿಂಟುಗಳು.

ಜಾಯಿಂಟನ್ನ ಓಮ್ ಮೋಡಲ್ಲಿ ಅಳೆಯೋಕೆ ಹೋದ್ರೆ ಉಪಯೋಗ ಇಲ್ಲ. ಪ್ರೋಬ್ ವೈರ್ 0.5 ಓಮ್, ಜಾಯಿಂಟೂ ಅಷ್ಟೇ ಇದ್ರೆ ಯಾವುದು ಯಾವುದು ಅಂತ ಹೇಗೆ ಹೇಳೋದು, ಒತ್ತಿ ಹಿಡಿದ್ರೆ ಒಂದು ರೀಡಿಂಗ್ ಸಡಿಲ ಬಿಟ್ರೆ ಒಂದು. ಮೀಟರ್ ತನ್ನ ಬ್ಯಾಟರಿಯಿಂದ ಕಳಿಸೋ ಕರೆಂಟೂ ಬಹಳ ಚಿಕ್ಕದು. ಬದಲಿಗೆ ನಿಜವಾದ ಕರೆಂಟ್ ಹರಿಸಿ ಜಾಯಿಂಟಿನ ಈಚೆಗೂ ಆಚೆಗೂ ಎಷ್ಟು ವೋಲ್ಟ್ ಅಂತ ನೋಡಿದ್ರೆ ಸಾಕು, 6.88ರಿಂದ ಭಾಗಿಸಿದ್ರೆ ಓಮ್, ಗುಣಿಸಿದ್ರೆ ಅದು ಎಷ್ಟು ವ್ಯಾಟ್ ಬಿಸಿಯಾಗ್ತಿದೆ ಅನ್ನೋದು. ಪ್ರೋಬಿನ 0.5 ಓಮ್ ಇಲ್ಲಿ ಲೆಕ್ಕಕ್ಕೇ ಬರಲ್ಲ.

ಮಾಡಿದ ರೀತಿ: ಮೈನ್ ಆಫ್, ಟೇಪ್ ಬಿಚ್ಚಿ, ಜಾಯಿಂಟಿನ ಎರಡೂ ಬದಿಗೆ ರಬ್ಬರ್ ಕವರ್ ಇರೋ ಕ್ರೊಕೊಡೈಲ್ ಕ್ಲಿಪ್ ಕಚ್ಚಿಸಿ, ಮೀಟರನ್ನ ಒಣ ಹಲಗೆ ಮೇಲಿಟ್ಟು, ದೂರ ನಿಂತು, ಆಮೇಲೆ ಮೈನ್ ಆನ್. ರೀಡಿಂಗ್ ನೋಡಿ ಮತ್ತೆ ಆಫ್ ಮಾಡಿದ ಮೇಲೇನೇ ಕ್ಲಿಪ್ ಮುಟ್ಟೋದು. ಮೀಟರಲ್ಲಿ ಕಾಣೋದು 5 ವೋಲ್ಟ್ ಆದ್ರೂ ಆ ವೈರ್ ನೆಲಕ್ಕೆ ಹೋಲಿಸಿದ್ರೆ 200 ವೋಲ್ಟಲ್ಲೇ ಇರುತ್ತೆ, ಇದು ಮರೆತ್ರೆ ಪ್ರಾಣಕ್ಕೇ ಬರುತ್ತೆ. ಕೈ ನಡುಗೋರು, ಮಳೇಲಿ ನೆಂದ ನೆಲದ ಮೇಲೆ ನಿಲ್ಲೋರು ಇದಕ್ಕೆ ಕೈ ಹಾಕ್ಬೇಡಿ, ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಕರೀರಿ. ಈ ಅಳತೆಗೆ ಕ್ಲ್ಯಾಂಪ್ ಮೀಟರಿನ ವೋಲ್ಟ್ ರೇಂಜನ್ನೇ ಬಳಸಿದೆ, ಹಳದಿ ಮೀಟರಿನ ಎಸಿ ಕಡೆ ಒಂದೆರಡು ವೋಲ್ಟಿಗೆಲ್ಲ ನಂಬಿಕೆಗೆ ಬರಲ್ಲ.

ಕೊಟ್ಟಿಗೆ ಕಂಬದ ಹತ್ರ ಫೇಸ್ ಜಾಯಿಂಟಲ್ಲಿ 5.2 ವೋಲ್ಟ್. 0.76 ಓಮ್, 36 ವ್ಯಾಟ್. ನನ್ನ ಸೋಲ್ಡರಿಂಗ್ ಐರನ್ 25 ವ್ಯಾಟಿಂದು, ಅದಕ್ಕಿಂತ ಜಾಸ್ತಿ ಬಿಸಿ ಒಂದು ಟೇಪ್ ಗಂಟಿನೊಳಗೆ, ಅದೂ ಮೇಲೆ ಹುಲ್ಲಿನ ಅಟ್ಟ ಇರೋ ಜಾಗದಲ್ಲಿ. ಟೇಪ್ ಬಿಚ್ಚಿದಾಗ ಒಳಗಿನ ಪದರ ಕರ್ರಗೆ ಗರಿಗರಿ ಆಗಿತ್ತು, ಅಲ್ಯೂಮಿನಿಯಂ ಮೇಲೆ ಬಿಳಿ ಪುಡಿ. ಅಲ್ಲೇ ಪಕ್ಕದ ನ್ಯೂಟ್ರಲ್ ಜಾಯಿಂಟಲ್ಲಿ 1.4 ವೋಲ್ಟ್, 10 ವ್ಯಾಟ್ ಹತ್ರ. ಬಚ್ಚಲುಮನೆ ಪ್ಲಗ್ಗು-ಸಾಕೆಟ್ ಸೇರಿ 2 ವೋಲ್ಟ್, 14 ವ್ಯಾಟ್, ಪ್ಲಗ್ಗಿನ ಒಂದು ಪಿನ್ ಕಂದು ಬಣ್ಣಕ್ಕೆ ತಿರುಗಿತ್ತು. ಸ್ವಿಚ್ಚಲ್ಲಿ 0.8. ಕೂಡಿದ್ರೆ 9.4, ಹುಡುಕ್ತಿದ್ದದ್ದು 9.7, ಇಷ್ಟು ವ್ಯತ್ಯಾಸಕ್ಕೆ ನಾನು ತಲೆ ಕೆಡಿಸ್ಕೊಳ್ಳಲ್ಲ.

ಅಲ್ಯೂಮಿನಿಯಂಗೂ ತಾಮ್ರಕ್ಕೂ ನೇರ ಗಂಟು ಹಾಕಿದ್ರೆ ಹೀಗೇ ಆಗೋದು. ಅಲ್ಯೂಮಿನಿಯಂ ಗಾಳಿಗೆ ತಗುಲಿದ ಕೂಡಲೇ ಮೇಲೆ ಆಕ್ಸೈಡ್ ಪದರ ಕಟ್ಟುತ್ತೆ, ಅದರಲ್ಲಿ ಕರೆಂಟು ಹರಿಯಲ್ಲ. ಮೇಲಿಂದ ಎರಡು ಬೇರೆಬೇರೆ ಲೋಹ, ನಡುವೆ ಮಲೆನಾಡಿನ ಮಳೆ ನೀರು, ಅಲ್ಯೂಮಿನಿಯಂ ನಿಧಾನಕ್ಕೆ ತಿಂದುಹೋಗುತ್ತೆ. ಬಿಸಿಯಾದಾಗ ಹಿಗ್ಗಿ ತಣ್ಣಗಾದಾಗ ಕುಗ್ಗಿ ಗಂಟು ಸಡಿಲ ಆಗುತ್ತೆ, ಸಡಿಲ ಆದಷ್ಟೂ ಓಮ್ ಜಾಸ್ತಿ, ಓಮ್ ಜಾಸ್ತಿ ಆದಷ್ಟೂ ಬಿಸಿ ಜಾಸ್ತಿ. ಎಂಸಿಬಿ (ಕರೆಂಟ್ ಮಿತಿ ಮೀರಿದ್ರೆ ತಾನೇ ಆಫ್ ಆಗೋ ಸ್ವಿಚ್) ಇದಕ್ಕೆ ಟ್ರಿಪ್ಪೇ ಆಗಲ್ಲ, ಯಾಕಂದ್ರೆ ಕರೆಂಟು ಜಾಸ್ತಿ ಆಗ್ತಿಲ್ಲ, ಕಮ್ಮಿ ಆಗ್ತಿದೆ.

ಈಗ ಆ ಸ್ಟೆಬಿಲೈಸರ್ ಸಲಹೆಗೆ ಬರೋಣ. ಬಚ್ಚಲಲ್ಲಿ ಸ್ಟೆಬಿಲೈಸರ್ ಹಾಕಿ ಗೀಸರಿಗೆ 230 ಕೊಟ್ರೆ ಅದು 2000 ವ್ಯಾಟ್ ಎಳೆಯುತ್ತೆ ನಿಜ, ಆದ್ರೆ ಆ 2000 ವ್ಯಾಟ್ ಬರಬೇಕಾದ್ದು ಇದೇ ವೈರಲ್ಲಿ, ಕಮ್ಮಿ ವೋಲ್ಟಲ್ಲಿ, ಹಾಗಾಗಿ ಆಂಪ್ ಏರಬೇಕು. ಲೆಕ್ಕ ಹಾಕಿದ್ರೆ 12.5 ಆಂಪ್ ದಾಟುತ್ತೆ, ಸ್ಟೆಬಿಲೈಸರ್ ತಾನು ತಿನ್ನೋದು ಬಿಟ್ಟು. ಬಿಸಿ ಅನ್ನೋದು ಆಂಪ್ × ಆಂಪ್ × ಓಮ್, ಆ ಒಂದು ಫೇಸ್ ಜಾಯಿಂಟಲ್ಲೇ 36 ವ್ಯಾಟ್ ಇದ್ದಿದ್ದು 119 ಆಗ್ತಿತ್ತು. ನೀರು ಬೇಗ ಕಾಯ್ತು ಅಂತ ಖುಷಿ ಪಡೋ ಹೊತ್ತಿಗೆ ಅಟ್ಟಕ್ಕೆ ಬೆಂಕಿ. ಇದೇ ಆಂಪ್‌ನ ವರ್ಗದ ಲೆಕ್ಕಕ್ಕೇ 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಒಯ್ಯುವಾಗ ಸಾವಿರಾರು ವೋಲ್ಟಿಗೆ ಏರಿಸಿ ಕಳಿಸಿದ್ದು, ವೋಲ್ಟ್ ಎರಡು ಪಟ್ಟು ಮಾಡಿದ್ರೆ ಆಂಪ್ ಅರ್ಧ, ದಾರಿಯ ನಷ್ಟ ಕಾಲು ಭಾಗ. ಮನೇಲಿ ಅದು ಮಾಡೋಕಾಗಲ್ಲ, ಓಮ್ ಇಳಿಸೋದೊಂದೇ ದಾರಿ.

ಹಾಗಾಗಿ ಹಳೇದು ಪೂರ್ತಿ ಕಿತ್ತು ಹಾಕಿದ್ವಿ. ಬೋರ್ಡಿಂದ ಬಚ್ಚಲುಮನೆವರೆಗೆ ಮಧ್ಯೆ ಜಾಯಿಂಟೇ ಇಲ್ಲದ ಹಾಗೆ 3 ಕೋರ್ ತಾಮ್ರದ ಕೇಬಲ್, 4 ಸ್ಕ್ವೇರ್ ಎಂಎಂ, ಎಚ್‌ಡಿಪಿಇ ಪೈಪ್ ಒಳಗೆ ಹಾಕಿ ಅಗಳು ತೆಗೆದು ಹುಗಿದ್ವಿ. 2.5 ಹಾಕಿದ್ರೂ ಸಾಕಿತ್ತಾ ಅಂದ್ರೆ ಗೀಸರ್ ಮಟ್ಟಿಗೆ ಸಾಕಿತ್ತು, 2.5ಕ್ಕೆ ದಾರೀಲಿ ಏಳೂವರೆ ವೋಲ್ಟ್ ಬೀಳುತ್ತೆ, 4ಕ್ಕೆ ಐದಕ್ಕಿಂತ ಕಮ್ಮಿ. ಆದ್ರೆ ಕೊಟ್ಟಿಗೆಗೆ ಹುಲ್ಲು ಕತ್ತರಿಸೋ ಮಷೀನ್ ತರೋ ಮಾತು ನಡೀತಿದೆ, ಇನ್ನೊಂದ್ಸಲ ಅಗಿಯೋರು ಯಾರು. ಚಿಕ್ಕಪ್ಪ ಕೇಬಲ್ ಬಿಲ್ ನೋಡಿ "ಈ ದುಡ್ಡಿಗೆ ಎಷ್ಟು ಕಟ್ಟಿಗೆ ಬರ್ತಿತ್ತು ಗೊತ್ತನಾ" ಅಂದ್ರು, ಅವರ ಮಾತಲ್ಲೂ ಲೆಕ್ಕ ಇದೆ ಬಿಡಿ, ಕರೆಂಟ್ ಬಿಲ್ ಉಳಿತಾಯದಿಂದ ಈ ದುಡ್ಡು ವಾಪಸ್ ಬರೋಕೆ ವರ್ಷಗಟ್ಟಲೆ ಬೇಕು: 144 ವ್ಯಾಟ್ ದಿನಕ್ಕೆ ಒಂದು ಗಂಟೆ ಅಂದ್ರೆ ವರ್ಷಕ್ಕೆ ಐವತ್ತು ಚಿಲ್ಲರೆ ಯೂನಿಟ್ ಅಷ್ಟೇ. ಖರ್ಚು ಮಾಡಿದ್ದು ಬೆಂಕಿ ಭಯಕ್ಕೆ, ಮತ್ತೆ ಮೂರನೇ ಕೋರಿಗೆ. ಹಳೇ ಲೈನಲ್ಲಿ ಅರ್ತ್ ವೈರೇ ಇರ್ಲಿಲ್ಲ! ನೀರು, ಗೀಸರ್, ಬರಿಗಾಲು, ಅರ್ತ್ ಇಲ್ಲ. ಈಗ ಅರ್ತ್ ಜೊತೆ ಬೋರ್ಡಲ್ಲಿ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ನೆಲಕ್ಕೆ ಸೋರಿದ್ರೆ ಕಟ್ ಮಾಡೋದು), 16 ಆಂಪ್ ಎಂಸಿಬಿ. ಬಚ್ಚಲು ಕಡೆ ಪ್ಲಗ್ ತೆಗೆದುಹಾಕಿ ಫೇಸ್, ನ್ಯೂಟ್ರಲ್ ಎರಡನ್ನೂ ಕಟ್ ಮಾಡೋ 20 ಆಂಪ್ ಡಬಲ್ ಪೋಲ್ ಸ್ವಿಚ್ಚಿಂದ ನೇರ ಗೀಸರಿಗೆ, ವೈರ್ ತುದಿಗಳಿಗೆ ಲಗ್ (ಲೋಹದ ಟೋಪಿ) ಹಾಕಿ ಒತ್ತಿದ್ದು.

ಹೊಸ ದಾರಿಯ ಲೆಕ್ಕ: ತಾಮ್ರದ 4ಕ್ಕೆ ಕಿಲೋಮೀಟರಿಗೆ 4.95 ಓಮ್, ಹೋಗೋದು ಬರೋದು ಸೇರಿ 130 ಮೀಟರ್ × 4.95 ÷ 1000 = 0.64 ಓಮ್. ಕೆಲಸ ಮುಗಿದ ಮೇಲೆ ಅದೇ ಎರಡು ಮೀಟರ್ ಆಟ. ಗೀಸರ್ ಆಫ್ ಇದ್ದಾಗ 212, ಗೀಸರ್ ಓಡುವಾಗ ಬೋರ್ಡಲ್ಲಿ 203, ಗೀಸರ್ ಹತ್ರ 198, ಕ್ಲ್ಯಾಂಪಲ್ಲಿ 7.45 ಆಂಪ್. 198 × 7.45 = 1475 ವ್ಯಾಟ್. ದಾರೀಲಿ ಹೋಗ್ತಿರೋದು 144ರಿಂದ 36 ವ್ಯಾಟಿಗೆ ಇಳೀತು, ಅದೂ 65 ಮೀಟರ್ ಉದ್ದಕ್ಕೆ ಹಂಚಿಹೋಗಿರೋದು, ಒಂದೇ ಗಂಟಲ್ಲಿ ಅಲ್ಲ. ನೀರು ಈಗ 23-24 ನಿಮಿಷಕ್ಕೆ ಕಾಯುತ್ತೆ.

17 ನಿಮಿಷ ಯಾಕಿಲ್ಲ ಅಂತ ಕೇಳ್ತೀರ. ಸ್ಟಿಕ್ಕರ್ ಮೇಲಿನ 2000 ವ್ಯಾಟ್ 230 ವೋಲ್ಟಿಗೆ ಮಾತ್ರ. ವೋಲ್ಟ್ 14 ಪರ್ಸೆಂಟ್ ಕಮ್ಮಿ ಆದ್ರೆ ವ್ಯಾಟ್ 26 ಪರ್ಸೆಂಟ್ ಕಮ್ಮಿ, ವೋಲ್ಟೂ ಇಳಿಯುತ್ತೆ ಅದರಿಂದ ಆಂಪೂ ಇಳಿಯುತ್ತೆ, ಎರಡು ಕಡೆ ಪೆಟ್ಟು. ಉಳಿದ ಕೊರತೆ ನಮ್ಮ ಬೋರ್ಡಿನಿಂದ ಈಚೆಗಿಲ್ಲ. ಗೀಸರ್ ಆಫ್ ಇದ್ದಾಗಲೇ 212, ಗೀಸರ್ ಹಾಕಿದ್ರೆ ಬೋರ್ಡಲ್ಲೇ ಇನ್ನೂ 8-9 ವೋಲ್ಟ್ ಬೀಳ್ತಿದೆ. ಅದನ್ನೂ 7.45ರಿಂದ ಭಾಗಿಸಿದ್ರೆ ಟ್ರಾನ್ಸ್‌ಫಾರ್ಮರಿಂದ ನಮ್ಮ ಮನೆವರೆಗಿನ ಲೈನ್ 1.2 ಓಮ್ ಹತ್ರ. ತಂತಿ ಉದ್ದ ಇರೋದ್ರಿಂದ ಅದರಲ್ಲಿ ಬಹುಪಾಲು ಸಹಜ ಇರ್ಬಹುದು, ಆದ್ರೆ ನಮ್ಮ ಮನೆ ಮುಂದಿನ ಕಂಬದಲ್ಲಿ ಸರ್ವಿಸ್ ವೈರ್ ಲೈನಿಗೆ ಸುತ್ತಿರೋ ಜಾಗ ಕೂಡ ಬರೀ ಕೈಯಲ್ಲಿ ತಿರುಚಿದ್ದೇ, ರಾತ್ರಿ ಮಳೆ ಬಂದಾಗ ಅಲ್ಲಿ ಚಿಟಿಚಿಟಿ ಕಿಡಿ ಕಾಣುತ್ತೆ. ಕಂಬ ಹತ್ತೋದು ನಮ್ಮ ಕೆಲಸ ಅಲ್ಲ, ಹತ್ತಬಾರದು ಕೂಡ. 212, 203, 7.45 ಮೂರೂ ನಂಬರ್ ಚೀಟೀಲಿ ಬರೆದು ಲೈನ್‌ಮನ್ ಕೈಗೆ ಕೊಟ್ಟಿದೀನಿ, ಲೈನ್ ಆಫ್ ಮಾಡೋ ದಿನ ಆ ಗಂಟಿಗೆ ವೈರ್ ಬಿಗಿಯಾಗಿ ಹಿಡಿಯೋ ಕ್ಲ್ಯಾಂಪ್ ಹಾಕಿಕೊಡ್ತೀನಿ ಅಂದಿದಾರೆ. ಆಮೇಲೆ ಬೋರ್ಡಲ್ಲಿ ಎಷ್ಟು ವೋಲ್ಟ್ ಏರುತ್ತೆ ಅಂತ ನೋಡಿ ಆ 1.2ರಲ್ಲಿ ಗಂಟಿನ ಪಾಲು ಎಷ್ಟು ಅಂತ ತೆಗೀಬಹುದು.